ಬೂತಾಯಿ ತಟ್ಟೆಗೆ ಬರಬೇಕಾ, ಪುಡಿಯಾಗಬೇಕಾ?

2012ರಲ್ಲಿ ಕೇರಳದ ಮೀನುಗಾರರು ಹಿಡಿದ ಬೂತಾಯಿ, ಅಂದರೆ ಇಂಗ್ಲಿಷಿನ ಸಾರ್ಡೀನ್ ಮೀನು, ಸುಮಾರು 4 ಲಕ್ಷ ಟನ್. 2021ರಲ್ಲಿ ಅವರ ಬಲೆಗೆ ಬಿದ್ದದ್ದು ಬರೀ 3,297 ಟನ್. ಮೊದಲು ನೂರು ಮೀನು ಸಿಗುತ್ತಿದ್ದ ಕಡೆ ಒಂದು ಸಿಕ್ಕರೆ ಪುಣ್ಯ ಅನ್ನುವ ಹಾಗಾಯಿತು. ಆಮೇಲೆ ಎರಡೇ ವರ್ಷ. 2023ರಲ್ಲಿ ಮತ್ತೆ 1.38 ಲಕ್ಷ ಟನ್ ಬಂತು. ಈ ಲೆಕ್ಕವೆಲ್ಲ ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಇಟ್ಟದ್ದು. ಸಿಎಂಎಫ್‌ಆರ್‌ಐ ಅಂದರೆ ಕರಾವಳಿಯಲ್ಲಿ ಎಲ್ಲರಿಗೂ ಗೊತ್ತು.

ನಮ್ಮ ಕಡೆಯೂ ಬೂತಾಯಿ ಹೀಗೆ ಕೈಕೊಟ್ಟ ವರ್ಷಗಳಿವೆ. ಅಂಥ ವರ್ಷಗಳಲ್ಲಿ ಒಮಾನ್‌ನಿಂದ ಐಸ್ ಹಾಕಿ ಬಂದ ಬೂತಾಯಿಯನ್ನು ಮಂಗಳೂರಿನವರೇ ಕೊಂಡು ತಿಂದರು, ರುಚಿಯಿಲ್ಲ ಅಂತ ಬೈಯುತ್ತಲೇ. ಕುಂದಾಪುರದವರ ಬೈಗೆ, ಕಾರವಾರದವರ ತಾರ್ಲೆ, ಮಲಯಾಳಿಗಳ ಮತ್ತಿ ಎಲ್ಲ ಇದೇ ಮೀನು.

ಕಡಲಲ್ಲಿ ತಾನಾಗಿ ಬೆಳೆದ ಮೀನು ತಿನ್ನುವುದು ಒಳ್ಳೆಯದು ಅನ್ನುವ ಮಾತು ಈಗ ಜಾಸ್ತಿ ಕೇಳಿಬರುತ್ತಿದೆ. ಸಾಕಿದ ಮೀನಿಗೆ ಔಷಧಿ ಹಾಕುತ್ತಾರೆ, ಕಡಲ ಮೀನು ಶುದ್ಧ ಅನ್ನುವುದು ಇದರ ಸರಳ ರೂಪ. ಅರ್ಧ ನಿಜ ಅಷ್ಟೇ. ಉತ್ತರ ಕನ್ನಡದ ಅಘನಾಶಿನಿ ಅಳಿವೆಯಲ್ಲಿ ಕೈಯಿಂದ ಹೆಕ್ಕಿದ ಬಳಚು ಅನ್ನುವ ಚಿಪ್ಪುಮೀನು ಕೂಡ ಕಡಲದ್ದೇ. ಟ್ರಾಲ್ ಬೋಟು ತಳ ಗುಡಿಸಿ ತಂದ ಬೆರಳುದ್ದದ ಮರಿಮೀನೂ ಕಡಲದ್ದೇ. ಎರಡಕ್ಕೂ ಒಂದೇ ಹೆಸರು ಕೊಟ್ಟು ಲಾಭ ಹೇಳಲು ಹೊರಟರೆ ಮಾತು ಎಲ್ಲಿಗೂ ಮುಟ್ಟುವುದಿಲ್ಲ. ಯಾವ ಬಲೆ, ಯಾವ ಗಾತ್ರ, ಯಾವ ತಿಂಗಳು, ದಕ್ಕೆಗೆ (ಬೋಟುಗಳು ಮೀನು ಇಳಿಸುವ ಕಟ್ಟೆಗೆ) ಬಂದ ಮೇಲೆ ಯಾವ ದಾರಿ ಹಿಡಿಯಿತು, ಇದನ್ನೆಲ್ಲ ಕೇಳಬೇಕು. ನನ್ನ ಮಟ್ಟಿಗೆ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಅದನ್ನು ಕೇಳುವವರೇ ಕಡಿಮೆ.

ಮೈಗೆ ಏನು ಸಿಗುತ್ತದೆ?

ಇದನ್ನು ಬೇಗ ಮುಗಿಸೋಣ, ಯಾಕೆಂದರೆ ಇದರಲ್ಲಿ ತಕರಾರಿಲ್ಲ. ಬೂತಾಯಿ, ಬಂಗುಡೆ, ಬೊಳೆಂಜಿರ್‌ನಂಥ ಸಣ್ಣ ಮೀನುಗಳಲ್ಲಿ ಒಳ್ಳೆಯ ಪ್ರೋಟೀನ್ ಇದೆ, ಬಿ12 ಇದೆ, ವಿಟಮಿನ್ ಡಿ ಇದೆ, ಅಯೋಡಿನ್ ಇದೆ. ಮುಳ್ಳಿನ ಸಮೇತ ಅಗಿದು ತಿನ್ನುವವರಿಗೆ ಕ್ಯಾಲ್ಸಿಯಂ ಕೂಡ ಸಿಗುತ್ತದೆ. ಒಮೆಗಾ-3 ಕೊಬ್ಬಿನ ವಿಷಯಕ್ಕೆ ಬಂದರೆ ಬೂತಾಯಿಗೆ ಸಾಟಿಯಾಗುವ ಅಗ್ಗದ ಆಹಾರ ನಮ್ಮ ಕಡೆ ಇನ್ನೊಂದಿಲ್ಲ. ಅಗಸೆ ಬೀಜದಲ್ಲೂ ಒಮೆಗಾ-3 ಇದೆ, ನಿಜ. ಆದರೆ ಅದು ಬೇರೆ ರೂಪದ್ದು. ಮೈಗೆ ಬೇಕಾದ ರೂಪಕ್ಕೆ ಅದನ್ನು ಬದಲಾಯಿಸಿಕೊಳ್ಳುವ ಶಕ್ತಿ ನಮ್ಮ ದೇಹಕ್ಕೆ ತೀರಾ ಕಡಿಮೆ. ವಾರಕ್ಕೆ ಎರಡು ಸಲ ಮೀನು ತಿನ್ನಿ ಅಂತ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳುವುದು ಇದಕ್ಕೇ. ಅವರು ಎಣ್ಣೆಯಂಶ ಜಾಸ್ತಿಯಿರುವ ಮೀನನ್ನೇ ತಿನ್ನಿ ಅನ್ನುತ್ತಾರೆ.

ಬೂತಾಯಿಯ ಎಣ್ಣೆ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಮಳೆಗಾಲದಲ್ಲಿ ಮೊಟ್ಟೆಯಿಟ್ಟು ಸೊರಗಿದ ಮೀನು, ಆಮೇಲೆ ತಿಂದು ತಿಂದು ಮತ್ತೆ ಕೊಬ್ಬುತ್ತದೆ. ಮಳೆ ಕಳೆದ ಮೇಲಿನ ಬೂತಾಯಿಯನ್ನು ಕಾವಲಿಗೆ ಹಾಕಿದರೆ ತಾನೇ ಎಣ್ಣೆ ಬಿಡುತ್ತದೆ. ಒಂದೆರಡು ಹನಿ ಎಣ್ಣೆ ಸವರಿದರೆ ಸಾಕು, ಮಸಾಲೆ ಕೆಂಪಗೆ ಹಿಡಿದು ಅಂಚು ಗರಿಗರಿಯಾಗುತ್ತದೆ. ಬೇಸಿಗೆಯ ಬೂತಾಯಿಗೆ ಆ ಗುಣ ಇಲ್ಲ.

ಇನ್ನು ಪಾದರಸ. ಕಡಲ ಮೀನು ಅಂದ ಕೂಡಲೇ ಕೆಲವರು ಹೆದರುವುದು ಇದಕ್ಕೆ. ಸಣ್ಣ ಮೀನನ್ನು ದೊಡ್ಡದು ತಿನ್ನುತ್ತದೆ, ಅದನ್ನು ಇನ್ನೂ ದೊಡ್ಡದು ತಿನ್ನುತ್ತದೆ. ಪ್ರತಿ ಹಂತದಲ್ಲೂ ಪಾದರಸ ಸೇರುತ್ತಾ ಹೋಗುತ್ತದೆ. ಹಾಗಾಗಿ ಬಹಳ ವರ್ಷ ಬದುಕುವ ಶಾರ್ಕ್, ದೊಡ್ಡ ಟ್ಯೂನಾಗಳಲ್ಲಿ ಅದು ಜಾಸ್ತಿ. ಬೂತಾಯಿ ಎರಡು–ಎರಡೂವರೆ ವರ್ಷಕ್ಕಿಂತ ಹೆಚ್ಚು ಬದುಕುವುದೇ ಇಲ್ಲ, ತಿನ್ನುವುದು ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು. ಬಾಣಂತಿಗೆ ಮರಿ ಶಾರ್ಕಿನ ಸಾರು ಒಳ್ಳೆಯದು ಎಂಬ ನಂಬಿಕೆ ಕರಾವಳಿಯಲ್ಲಿ ಇವತ್ತಿಗೂ ಇದೆ. ಅದೇ ಬಾಣಂತಿಗೆ ಬೂತಾಯಿ ಸಾರು ಕೊಟ್ಟರೆ ಅವಳಿಗೂ ಒಳ್ಳೆಯದು, ಕಡಲಿಗೂ ಒಳ್ಳೆಯದು. ಶಾರ್ಕ್ ಬೂತಾಯಿಯ ಹಾಗೆ ಸಾವಿರಗಟ್ಟಲೆ ಮೊಟ್ಟೆ ಇಡುವ ಜೀವಿ ಅಲ್ಲ. ಕೆಲವೇ ಮರಿ ಹಾಕುತ್ತದೆ, ಅದೂ ದೊಡ್ಡದಾಗಲು ವರ್ಷಗಟ್ಟಲೆ ಹಿಡಿದ ಮೇಲೆ.

ಉಳುವುದೂ ಇಲ್ಲ, ಮೇವೂ ಹಾಕುವುದಿಲ್ಲ

ಕಡಲ ಮೀನಿಗೆ ಯಾರೂ ಗದ್ದೆ ಉಳಬೇಕಾಗಿಲ್ಲ. ಬೋರ್‌ವೆಲ್ ನೀರು ಬೇಡ, ಗೊಬ್ಬರ ಬೇಡ, ಮೇವು ಬೇಡ. ಮಳೆಗಾಲದ ಗಾಳಿ ನಮ್ಮ ಕರಾವಳಿಯ ಮೇಲ್ಮೈ ನೀರನ್ನು ಆಚೆ ತಳ್ಳಿದಾಗ ಆಳದ ತಣ್ಣನೆಯ ನೀರು ಮೇಲೆ ಬರುತ್ತದೆ. ಅದರ ಜೊತೆ ಪೋಷಕಾಂಶ ಬರುತ್ತದೆ. ಅದರಿಂದ ಪಾಚಿಯಂಥ ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ಅದನ್ನು ತಿಂದು ಬೂತಾಯಿ ಬೆಳೆಯುತ್ತದೆ. ಖರ್ಚು ಇರುವುದು ಹಿಡಿದು ತರುವುದಕ್ಕೆ ಮಾತ್ರ, ಅಂದರೆ ಡೀಸೆಲ್, ಐಸ್, ಕೂಲಿ.

ಡೀಸೆಲ್ ವಿಷಯದಲ್ಲೇ ಮೀನು ಮೀನಿಗೆ ಅಜಗಜಾಂತರ ಇದೆ. ಬೂತಾಯಿ, ಬಂಗುಡೆ ಗುಂಪುಗುಂಪಾಗಿ ದಡದ ಹತ್ತಿರವೇ ಓಡಾಡುವ ಮೀನು. ಗುಂಪು ಕಂಡಲ್ಲಿ ಬಲೆ ಸುತ್ತಿದರೆ ಒಂದೇ ಸಲಕ್ಕೆ ದೋಣಿ ತುಂಬುತ್ತದೆ. ಕಿಲೋ ಮೀನಿಗೆ ಸುಟ್ಟ ಎಣ್ಣೆ ಸ್ವಲ್ಪವೇ. ಸಿಗಡಿ ಹಿಡಿಯುವ ಟ್ರಾಲ್ ಬೋಟು ಭಾರದ ಬಲೆಯನ್ನು ಕಡಲ ತಳದಲ್ಲಿ ಗಂಟೆಗಟ್ಟಲೆ ಎಳೆಯಬೇಕು, ಎಂಜಿನ್ ಪೂರ್ತಿ ಹೊತ್ತು ದುಡಿಯಬೇಕು. ಜಗತ್ತಿನಲ್ಲಿ ಎಲ್ಲೇ ಅಳೆದು ನೋಡಿದರೂ ಸಣ್ಣ ಮೀನು ಮತ್ತು ಚಿಪ್ಪು ಮೀನುಗಳ ಇಂಗಾಲದ ಲೆಕ್ಕ ಕಡಿಮೆ ಬರುತ್ತದೆ, ಟ್ರಾಲ್ ಸಿಗಡಿಯದ್ದು ಮೇಲಿರುತ್ತದೆ. ಕೋಳಿ, ಕುರಿಯ ಮಾಂಸದ ಜೊತೆ ಹೋಲಿಸಿದರೂ ಬೂತಾಯಿಯದ್ದೇ ಹಗುರ ಲೆಕ್ಕ.

ಇಷ್ಟೆಲ್ಲ ಲಾಭ ನಿಜ. ಆದರೆ ನಾಳೆಗೂ ಮೀನು ಇರಬೇಕಲ್ವಾ?

ಹತ್ತು ಗ್ರಾಂ ಮೀನಿನ ಲೆಕ್ಕ

10 ಸೆಂಟಿಮೀಟರ್ ಉದ್ದದ ಬೂತಾಯಿ ಹೆಚ್ಚುಕಮ್ಮಿ 10 ಗ್ರಾಂ ತೂಗುತ್ತದೆ. ಅದೇ ಮೀನು 16 ಸೆಂಟಿಮೀಟರ್ ಆದಾಗ 35–40 ಗ್ರಾಂ. ಉದ್ದ ಒಂದೂವರೆ ಪಟ್ಟು ಆದರೆ ತೂಕ ನಾಲ್ಕು ಪಟ್ಟಿನ ಹತ್ತಿರ. ಇಷ್ಟು ಬೆಳೆಯಲು ಅದಕ್ಕೆ ಬೇಕಾಗುವುದು ಕೆಲವೇ ತಿಂಗಳು. ನಡುವೆ ಒಂದಷ್ಟು ಸಾಯುತ್ತವೆ, ಒಂದಷ್ಟನ್ನು ದೊಡ್ಡ ಮೀನು ತಿನ್ನುತ್ತದೆ, ಆದರೂ ಕಾದವನಿಗೆ ನಷ್ಟ ಇಲ್ಲ. ಮೇಲಾಗಿ 15 ಸೆಂಟಿಮೀಟರಿನ ಆಸುಪಾಸು ಬಂದ ಮೇಲೆಯೇ ಅದು ಮೊಟ್ಟೆ ಇಡುವ ವಯಸ್ಸಿಗೆ ಬರುವುದು. ಅದಕ್ಕೆ ಮೊದಲೇ ಹಿಡಿದರೆ ಮುಂದಿನ ವರ್ಷದ ಮೀನನ್ನೂ ಇವತ್ತೇ ಹಿಡಿದ ಹಾಗೆ.

ಕೇರಳ ಸರ್ಕಾರ ಇದನ್ನು ಕಾನೂನು ಮಾಡಿತು. ಮೊದಲು 14 ಜಾತಿಯ ಮೀನುಗಳಿಗೆ, ಆಮೇಲೆ 2017ರಲ್ಲಿ 58 ಜಾತಿಗಳಿಗೆ ಕನಿಷ್ಠ ಗಾತ್ರ ಗೊತ್ತುಮಾಡಿತು. ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14. ಇದಕ್ಕಿಂತ ಸಣ್ಣದನ್ನು ಹಿಡಿಯುವ ಹಾಗಿಲ್ಲ. ಗಮನಿಸಿ, 10 ಸೆಂಟಿಮೀಟರ್ ಅನ್ನುವುದು ಬೂತಾಯಿ ಪ್ರಾಯಕ್ಕೆ ಬರುವ ಗಾತ್ರಕ್ಕಿಂತಲೂ ಕಡಿಮೆ. ಅಂದರೆ ಕಾನೂನು ಅಷ್ಟೇನೂ ಕಠಿಣವಲ್ಲ, ತೀರಾ ಮರಿಗಳನ್ನು ಮಾತ್ರ ಬಿಡಿ ಅನ್ನುತ್ತದೆ. ಅಷ್ಟನ್ನು ಪಾಲಿಸಿದರೂ ದೊಡ್ಡ ವಿಷಯವೇ.

ಮರಿಮೀನು ಹಿಡಿಯಬೇಡಿ ಅನ್ನುವುದು ಹೊಸ ಮಾತು ಅಂತ ತಿಳಿಯಬೇಡಿ. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, 1940ರ ಸುಮಾರಿಗೆ ಬೂತಾಯಿ ಒಮ್ಮೆ ಕೈಕೊಟ್ಟಿತ್ತು. ಆಗ ಅದನ್ನು ಬೇಯಿಸಿ ಎಣ್ಣೆ ತೆಗೆದು, ಉಳಿದದ್ದನ್ನು ಗೊಬ್ಬರಕ್ಕೆ ಮಾರುತ್ತಿದ್ದರು. 1943ರಲ್ಲಿ ಮದ್ರಾಸ್ ಸರ್ಕಾರ ಮರಿ ಬೂತಾಯಿ ಹಿಡಿಯುವ ಬಲೆಗಳಿಗೆ ನಿರ್ಬಂಧ ಹಾಕಿತು. ಜಾರಿ ಮಾಡಲಾಗದೆ ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಎಂಬತ್ತು ವರ್ಷ ಕಳೆದರೂ ತಕರಾರು ಅದೇ, ಸೋಲುವ ಜಾಗವೂ ಅದೇ.

ಹಾಗಂತ 2021ರ ಕುಸಿತಕ್ಕೆ ಮೀನುಗಾರರೇ ಕಾರಣ ಅಂತ ಹೇಳಿಬಿಡುವುದು ತಪ್ಪು. 2015ರ ಎಲ್‌ನಿನೊ (ಪೆಸಿಫಿಕ್ ಸಾಗರ ಬಿಸಿಯೇರಿ ಬರುವ ಹವಾಮಾನದ ಏರುಪೇರು) ಬಂದು ಕಡಲ ನೀರು ಬಿಸಿಯಾಯಿತು, ಮೇವು ಕಡಿಮೆಯಾಯಿತು. ಬೂತಾಯಿ ಹವಾಮಾನಕ್ಕೆ ತಕ್ಕ ಹಾಗೆ ಏರಿಳಿಯುವ ಮೀನು. ಯಾರೂ ಹಿಡಿಯದಿದ್ದರೂ ಅದು ಕೆಲವು ವರ್ಷ ಕಾಣೆಯಾಗಬಹುದು. ಆದರೆ ಕೆಟ್ಟ ವರ್ಷದಲ್ಲಿ ಅಳಿದುಳಿದ ಮೊಟ್ಟೆಯಿಡುವ ಮೀನು ಎಷ್ಟಿದೆ ಅನ್ನುವುದರ ಮೇಲೆ ಅದು ಎಷ್ಟು ಬೇಗ ತಿರುಗಿ ಬರುತ್ತದೆ ಅನ್ನುವುದು ನಿಂತಿದೆ. ಹವಾಮಾನ ನಮ್ಮ ಕೈಯಲ್ಲಿಲ್ಲ, ಬಲೆ ಇದೆ.

ಎಲ್ಲ ಮೀನೂ ಹೀಗೆ ತಿರುಗಿ ಬರುವುದಿಲ್ಲ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಕಾಡ್ ಮೀನು ಮುಗಿಯುತ್ತಾ ಬಂದಾಗ 1992ರಲ್ಲಿ ಮೀನುಗಾರಿಕೆಯನ್ನೇ ನಿಲ್ಲಿಸಿದರು. ಸುಮಾರು 30,000 ಜನ ಕೆಲಸ ಕಳೆದುಕೊಂಡರು. ಆ ನಿಷೇಧ ತೆಗೆದದ್ದು 2024ರಲ್ಲಿ. ಒಂದು ತಲೆಮಾರು ಪೂರ್ತಿ ದಡದಲ್ಲೇ ಕಳೆಯಿತು.

61 ದಿನ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಪೂರ್ವ ಕರಾವಳಿಯಲ್ಲಿ ಈ ರಜೆ ಏಪ್ರಿಲ್ 15ರಿಂದ ಜೂನ್ 14. ಹಾಗಾಗಿಯೇ ಜೂನ್ ಕೊನೆಯಲ್ಲಿ ಮಂಗಳೂರಿನ ಮಾರುಕಟ್ಟೆಯಲ್ಲಿ ತಮಿಳುನಾಡು, ಆಂಧ್ರದ ಮೀನು ಕಾಣುವುದು. ಕೇರಳದ ಟ್ರಾಲಿಂಗ್ ನಿಷೇಧ 1988ರಿಂದ ನಡೆದುಬಂದಿದೆ, ಈಗ ಅದು 52 ದಿನ. ನಮ್ಮಲ್ಲಿ ನಾಡದೋಣಿಗಳಿಗೆ ವಿನಾಯಿತಿ ಇದೆ, 10 ಎಚ್‌ಪಿವರೆಗಿನ ಎಂಜಿನ್ ಇಟ್ಟುಕೊಂಡು ದಡದ ಹತ್ತಿರ ಹೋಗಬಹುದು. ಮಳೆಗಾಲದಲ್ಲಿ ಸಿಗುವ ತಾಜಾ ಮೀನು ಅವರದ್ದೇ.

ಈ ಎರಡು ತಿಂಗಳನ್ನು ಬೋಟು ರಿಪೇರಿಯ ಕಾಲ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ರಿಪೇರಿಯೂ ಆಗುತ್ತದೆ, ಆದರೆ ಮುಖ್ಯ ವಿಷಯ ಅದಲ್ಲ. ಬೂತಾಯಿ, ಬಂಗುಡೆ ಮೊಟ್ಟೆ ಇಡುವ ಕಾಲ ಇದು. ಆಗಸ್ಟ್ ಬಂದರೂ ಮಲ್ಪೆಯ ಮೊಗವೀರರು ಸಮುದ್ರಪೂಜೆ ಮಾಡದೆ ಬೋಟು ಬಿಡುವುದಿಲ್ಲ ಅನ್ನುವ ರೂಢಿ ಹಿಂದಿನಿಂದ ಇದೆ. ನೂಲಹುಣ್ಣಿಮೆಯ ಹೊತ್ತಿಗೆ ಹಾಲು, ಹೂವು, ತೆಂಗಿನಕಾಯಿ ಕಡಲಿಗೆ ಅರ್ಪಿಸಿ ಹೊರಡುತ್ತಾರೆ. ಕಾನೂನಿಗಿಂತ ಹಳೆಯ ರಜೆ ಇದು.

ಎರಡು ತಿಂಗಳು ಬಿಟ್ಟು ಉಳಿದ ಹತ್ತು ತಿಂಗಳು ಹೇಗೆ ಹಿಡಿಯುತ್ತಾರೆ ಅನ್ನುವುದು ಇನ್ನೂ ಮುಖ್ಯ. ಟ್ರಾಲ್ ಬಲೆಯ ಹಿಂದಿನ ಚೀಲದ ಕಣ್ಣು ಸಾಮಾನ್ಯವಾಗಿ ವಜ್ರದ ಆಕಾರದಲ್ಲಿ ಇರುತ್ತದೆ. ಎಳೆದಾಗ ಆ ಕಣ್ಣುಗಳು ಬಿಗಿದು ಮುಚ್ಚಿಕೊಳ್ಳುತ್ತವೆ. ಕಾಗದದ ಮೇಲೆ ಕಣ್ಣು ಎಷ್ಟು ಮಿಲಿಮೀಟರ್ ಇದ್ದರೂ ನೀರಿನಲ್ಲಿ ಮರಿ ತಪ್ಪಿಸಿಕೊಳ್ಳಲು ದಾರಿ ಇರುವುದಿಲ್ಲ. ಅದೇ ಬಲೆಯನ್ನು ಚೌಕದ ಕಣ್ಣು ಬರುವ ಹಾಗೆ ಜೋಡಿಸಿದರೆ ಎಳೆದಾಗಲೂ ಕಣ್ಣು ತೆರೆದೇ ಇರುತ್ತದೆ, ಮರಿ ಹೊರಗೆ ಹೋಗುತ್ತದೆ. ಇದಕ್ಕೆ ಹೊಸ ಎಂಜಿನ್ ಬೇಡ, ಬೋಟು ಬದಲಿಸಬೇಕಿಲ್ಲ. ಚೀಲದ ಭಾಗವನ್ನು ಬೇರೆ ರೀತಿ ಹೆಣೆಯಬೇಕು ಅಷ್ಟೇ. ಆದರೂ ಎಲ್ಲರೂ ಹಾಕುವುದಿಲ್ಲ. ಯಾಕೆ ಅಂದರೆ ಆ ಮರಿಗೂ ಬೆಲೆ ಇದೆ. ಅದರ ಕಥೆ ಮುಂದೆ ಬರುತ್ತದೆ.

ರಾತ್ರಿ ದೊಡ್ಡ ಎಲ್‌ಇಡಿ ದೀಪ ಹಾಕಿ ಮೀನನ್ನು ಒಂದೆಡೆ ಸೇರಿಸಿ ಬಾಚುವುದನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ಎರಡು ಬೋಟು ಜೋಡಿಯಾಗಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಕೂಡ ನಿಷಿದ್ಧ. ಇವೆರಡರ ಮೇಲೂ ನಾಡದೋಣಿಯವರ ಸಿಟ್ಟು ಇನ್ನೂ ಆರಿಲ್ಲ, ಪ್ರತಿಭಟನೆ ಆಗಾಗ ನಡೆಯುತ್ತಲೇ ಇದೆ. ದೀಪ ಹಾಕಿದ ಬೋಟಿಗೆ ಒಂದು ರಾತ್ರಿಗೆ ಸಿಕ್ಕಿದ್ದು ಕಂತಬಲೆ ಹಾಕುವ ನಾಡದೋಣಿಯವನ ತಿಂಗಳ ಪಾಲು ಆಗಿರಬಹುದು. ಹಿಂದೆ ದಡದಿಂದ ಎಳೆಯುವ ದೊಡ್ಡ ಬಲೆ ರಂಪಣಿ ಇದ್ದಾಗ ಒಂದು ಬಲೆಗೆ ಇಡೀ ಊರೇ ಕೈಹಾಕುತ್ತಿತ್ತು, ಎಳೆದವರಿಗೆಲ್ಲ ಪಾಲು ಇತ್ತು. 1970ರ ದಶಕದ ನಡುವಿನಲ್ಲಿ, ಬೋಟಿನಿಂದಲೇ ಮೀನಿನ ಗುಂಪನ್ನು ಸುತ್ತಿ ಹಿಡಿಯುವ ಪರ್ಸೀನ್ ಬಲೆ ಬಂದ ಮೇಲೆ ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಮೀನು ದಡಕ್ಕೆ ಬಂದರೆ ಮಾತ್ರ ರಂಪಣಿಗೆ ಸಿಗುತ್ತಿತ್ತು. ಆ ಮಿತಿ ಬಲೆಯಲ್ಲೇ ಇತ್ತು, ಯಾರೂ ಕಾನೂನು ಮಾಡಬೇಕಾಗಿರಲಿಲ್ಲ.

ಟ್ರಕ್ಕು ಎಲ್ಲಿಗೆ ಹೋಗುತ್ತದೆ?

ಮಾರುಕಟ್ಟೆಯಲ್ಲಿ ಬೆರಳಿಗಿಂತ ಸ್ವಲ್ಪ ದೊಡ್ಡ ಬೂತಾಯಿ ಬಂದಿರುತ್ತದೆ. "ಇದೆಂತ ಅಕ್ಕ, ಇಷ್ಟು ಸಣ್ಣ?" ಅಂತ ಕೇಳಿದರೆ ಮೀನು ಮಾರುವವರ ಉತ್ತರ ಹೆಚ್ಚಾಗಿ ಹೀಗೇ ಇರುತ್ತದೆ: "ಎಂತ ಮಾಡುದು ಮಾರಾಯ್ರೆ, ದಕ್ಕೆಗೆ ಬಂದದ್ದೇ ಇದು. ಇದಕ್ಕೂ ಸಣ್ಣದಿತ್ತು, ಅದು ಫ್ಯಾಕ್ಟರಿಗೆ ಹೋಯ್ತು."

ಫ್ಯಾಕ್ಟರಿ ಅಂದರೆ ಮೀನಿನ ಪುಡಿ ಮಾಡುವ ಫಿಶ್‌ಮೀಲ್ ಫ್ಯಾಕ್ಟರಿ. ಉಳ್ಳಾಲದಿಂದ ಉತ್ತರ ಕನ್ನಡದವರೆಗೆ ಕರಾವಳಿಯುದ್ದಕ್ಕೂ ಇವು ಇವೆ. ಗಾಳಿ ಬೀಸುವ ದಿಕ್ಕಿನಲ್ಲಿ ಮನೆ ಇದ್ದವರಿಗೆ ಬೋರ್ಡು ಓದಬೇಕಾಗಿಲ್ಲ, ಮೂಗೇ ಹೇಳುತ್ತದೆ. ಮೀನನ್ನು ಬೇಯಿಸಿ, ಹಿಂಡಿ, ಎಣ್ಣೆ ಬೇರೆ ಮಾಡಿ, ಉಳಿದದ್ದನ್ನು ಒಣಗಿಸಿ ಪುಡಿ ಮಾಡುತ್ತಾರೆ. ಒಂದು ಕಿಲೋ ಪುಡಿಗೆ ನಾಲ್ಕರಿಂದ ಐದು ಕಿಲೋ ಹಸಿ ಮೀನು ಬೇಕು. ಪುಡಿ ಸಿಗಡಿ, ಮೀನು, ಕೋಳಿ ಸಾಕುವ ಕಡೆಗೆ ಮೇವಾಗಿ ಹೋಗುತ್ತದೆ. ಎಣ್ಣೆಯೂ ಹೆಚ್ಚಾಗಿ ಮೇವಿಗೇ.

ಇಲ್ಲೊಂದು ಸಣ್ಣ ಲೆಕ್ಕ. ಆಂಧ್ರದ ಹೊಂಡದಲ್ಲಿ ಒಂದು ಕಿಲೋ ವನ್ನಾಮಿ ಸಿಗಡಿ ಬೆಳೆಯಲು ಒಂದೂವರೆ ಕಿಲೋ ಹತ್ತಿರ ಮೇವು ಬೇಕು. ಅದರಲ್ಲಿ ಐದನೇ ಒಂದು ಪಾಲು ಮೀನಿನ ಪುಡಿ ಇದ್ದರೆ ಅದು 300 ಗ್ರಾಂ. 300 ಗ್ರಾಂ ಪುಡಿಗೆ ಹಸಿ ಮೀನು 1.2ರಿಂದ 1.5 ಕಿಲೋ ಬೇಕು. ಹೆಸರಿಗೆ ಸಾಕಿದ ಸಿಗಡಿ, ಒಳಗಿರುವುದು ಕಡಲ ಮೀನು. 2023–24ರಲ್ಲಿ ಭಾರತ ರಫ್ತು ಮಾಡಿದ ಕಡಲ ಉತ್ಪನ್ನಗಳ ಬೆಲೆ ಸುಮಾರು 60,500 ಕೋಟಿ ರೂಪಾಯಿ. ಅದರಲ್ಲಿ ಮೂರನೇ ಎರಡು ಪಾಲು ಹೆಪ್ಪುಗಟ್ಟಿಸಿದ ಸಿಗಡಿಯದ್ದೇ, ಅದರಲ್ಲೂ ಹೆಚ್ಚಿನದು ಹೊಂಡದಲ್ಲಿ ಬೆಳೆದದ್ದು. ಈ ವ್ಯಾಪಾರ ದೊಡ್ಡದಾದಷ್ಟೂ ಪುಡಿಗೆ ಬೇಡಿಕೆ ಏರುತ್ತದೆ.

ಸಾಕಣೆಯೇ ಕೆಟ್ಟದ್ದು ಅಂತ ಇದರ ಅರ್ಥವಲ್ಲ. ಕಾಟ್ಲಾ, ರೋಹುವಿನಂಥ ಕೆರೆ ಮೀನಿಗೆ ಕಡಲ ಮೀನಿನ ಪುಡಿ ಅಷ್ಟಾಗಿ ಬೇಕಾಗಿಲ್ಲ. ಪಚ್ಚಿಲೆ, ಸಿಂಪಿಯಂಥ ಚಿಪ್ಪುಮೀನಿಗಂತೂ ಯಾರೂ ಮೇವು ಹಾಕುವುದೇ ಇಲ್ಲ. 2022ರಲ್ಲಿ ಮೊದಲ ಬಾರಿಗೆ ಜಗತ್ತಿನಲ್ಲಿ ಹಿಡಿದ ಮೀನಿಗಿಂತ ಸಾಕಿದ ಮೀನು ಜಾಸ್ತಿಯಾಯಿತು ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳಿದೆ. ಇಷ್ಟು ಜನರ ಹೊಟ್ಟೆ ತುಂಬಲು ಅದು ಬೇಕೇ ಬೇಕು. ನನ್ನ ತಕರಾರು ಒಂದೇ. ಬಡವರ ತಟ್ಟೆಗೆ ನೇರವಾಗಿ ಬರಬಹುದಾದ ಒಳ್ಳೆಯ ಮೀನನ್ನು ಪುಡಿ ಮಾಡಿ, ಶ್ರೀಮಂತ ದೇಶದ ತಟ್ಟೆಗೆ ಸಿಗಡಿಯಾಗಿ ಕಳಿಸುವುದು ಯಾವ ಲೆಕ್ಕದಲ್ಲೂ ಸರಿ ಕಾಣುವುದಿಲ್ಲ.

ಫ್ಯಾಕ್ಟರಿಯವರ ಕಡೆಯಿಂದಲೂ ಒಂದು ಮಾತಿದೆ, ಅದನ್ನು ಬಿಟ್ಟರೆ ಅನ್ಯಾಯ. ಒಂದೇ ದಿನ ಹತ್ತಾರು ಬೋಟು ತುಂಬಿ ಬಂದರೆ ಮಾರುಕಟ್ಟೆಗೆ ಅಷ್ಟನ್ನು ಕೊಳ್ಳುವ ಶಕ್ತಿ ಇರುವುದಿಲ್ಲ. ಹಿಂದೆ ಅಂಥ ದಿನ ಬೂತಾಯಿ ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹೋಗುತ್ತಿತ್ತು. ಈಗ ಫ್ಯಾಕ್ಟರಿ ಕೊಳ್ಳುತ್ತದೆ. ಬೆಲೆ ಕಡಿಮೆ, ಆದರೆ ಎಷ್ಟಿದ್ದರೂ ಬೇಡ ಅನ್ನುವುದಿಲ್ಲ. ಮೀನು ಕೆಟ್ಟಿದ್ದರೂ, ಸಣ್ಣದಿದ್ದರೂ ತೊಂದರೆಯಿಲ್ಲ. ಡೀಸೆಲ್ ಸಾಲ ತಲೆಯ ಮೇಲಿರುವ ಬೋಟಿನವನಿಗೆ ಅದೇ ಆಧಾರ. ತೊಂದರೆ ಶುರುವಾಗುವುದೂ ಇಲ್ಲಿಂದಲೇ. ಮರಿಗೂ ಗಿರಾಕಿ ಇದ್ದ ಮೇಲೆ ಮರಿಯನ್ನು ಯಾಕೆ ಬಿಡಬೇಕು? ಚೌಕ ಕಣ್ಣಿನ ಬಲೆ ಯಾಕೆ ಹಾಕಬೇಕು?

ಇನ್ನೊಂದು ನಷ್ಟ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ತಿನ್ನುವ ಮೀನು ದಕ್ಕೆಯಲ್ಲಿ ಹರಾಜಾದರೆ ಅದು ಬುಟ್ಟಿ ಬುಟ್ಟಿಯಾಗಿ ಹಂಚಿಹೋಗುತ್ತದೆ. ಮನೆಮನೆಗೆ ಮಾರುವ ಹೆಂಗಸರು, ರಿಕ್ಷಾದವರು, ಐಸ್ ಒಡೆಯುವವರು, ಮೀನು ಶುಚಿ ಮಾಡಿಕೊಡುವವರು, ಒಣಮೀನು ಮಾಡುವವರು, ಎಲ್ಲರಿಗೂ ಅದರಲ್ಲಿ ನಾಲ್ಕು ಕಾಸು ಸಿಗುತ್ತದೆ. ಫ್ಯಾಕ್ಟರಿಗೆ ಹೋಗುವ ಮೀನು ಬೋಟಿನಿಂದ ಟ್ರಕ್ಕಿಗೆ, ಟ್ರಕ್ಕಿನಿಂದ ಗೇಟಿನೊಳಗೆ. ನಡುವೆ ಯಾರಿಗೂ ಏನೂ ಇಲ್ಲ.

ಅಷ್ಟಮುಡಿಯ ಮಂಜಕಕ್ಕ

ಸರಿಯಾಗಿ ಹಿಡಿದರೆ ಏನಾಗುತ್ತದೆ ಅನ್ನುವುದಕ್ಕೆ ಹತ್ತಿರದ ಉದಾಹರಣೆ ಕೊಲ್ಲಂ ಬಳಿಯ ಅಷ್ಟಮುಡಿ ಹಿನ್ನೀರು. ಅಲ್ಲಿ ಮಂಜಕಕ್ಕ ಅನ್ನುವ ಚಿಪ್ಪುಮೀನು ಸಿಗುತ್ತದೆ. 1980ರ ದಶಕದಲ್ಲಿ ಹೊರದೇಶದಿಂದ ಬೇಡಿಕೆ ಬಂತು. 1991ರಲ್ಲಿ ಸುಮಾರು 10,000 ಟನ್ ತೆಗೆದರು. 1993ರ ಹೊತ್ತಿಗೆ ಅದು ಅರ್ಧಕ್ಕೆ ಇಳಿಯಿತು. ಆಗ ಅಲ್ಲಿಯವರು, ಸಿಎಂಎಫ್‌ಆರ್‌ಐ ಮತ್ತು ಸರ್ಕಾರ ಕೂತು ನಿಯಮ ಮಾಡಿದರು. ಮೊಟ್ಟೆಯಿಡುವ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಯಾರೂ ತೆಗೆಯಬಾರದು. ಬಲೆಯ ಕಣ್ಣು 30 ಮಿಲಿಮೀಟರಿಗಿಂತ ಸಣ್ಣದಿರಬಾರದು. ಯಂತ್ರ ಹಾಕಬಾರದು. ರಫ್ತಿಗೆ ಹೋಗುವ ಮಾಂಸದಲ್ಲಿ ಕಿಲೋಗೆ 1,400ಕ್ಕಿಂತ ಹೆಚ್ಚು ಕಕ್ಕ ಇರಬಾರದು.

ಈ ಕೊನೆಯ ನಿಯಮ ನನಗೆ ಬಹಳ ಇಷ್ಟ. ನೀರಿನಲ್ಲಿ ನಿಂತು ಒಬ್ಬೊಬ್ಬರ ಬುಟ್ಟಿ ಅಳೆಯುವ ಬದಲು ಕೊಳ್ಳುವ ಜಾಗದಲ್ಲೇ ಎಣಿಸಿದರು. ಸಣ್ಣದನ್ನು ಕೊಳ್ಳುವವರಿಲ್ಲ ಅಂದ ಮೇಲೆ ತೆಗೆಯುವವರೂ ಇಲ್ಲ. ಕಕ್ಕ ತಿರುಗಿ ಬಂತು. ಸುಮಾರು 3,000 ಜನರ ಜೀವನ ಅದರ ಮೇಲೆ ನಿಂತಿತ್ತು. 2014ರಲ್ಲಿ ಅದಕ್ಕೆ ಮೆರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನ ನೀಲಿ ಮುದ್ರೆ ಸಿಕ್ಕಿತು, ಮೀನು ಮುಗಿಯದ ಹಾಗೆ ಹಿಡಿಯುವವರಿಗೆ ಕೊಡುವ ಮುದ್ರೆ ಅದು. ಭಾರತದಲ್ಲಿ ಅದನ್ನು ಪಡೆದ ಮೊದಲ ಮೀನುಗಾರಿಕೆ ಅದು.

ನಮ್ಮ ಅಘನಾಶಿನಿಯಲ್ಲೂ ಇಂಥದ್ದೇ ಸಂಪತ್ತಿದೆ. ಅಣೆಕಟ್ಟಿಲ್ಲದೆ ಕಡಲು ಸೇರುವ ಈ ನದಿಯ ಅಳಿವೆ 2024ರಲ್ಲಿ, ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಇಳಿತದ ಹೊತ್ತಿಗೆ ತದಡಿಯ ಕಡೆ ಹೋದರೆ ಮೊಣಕಾಲು ನೀರಿನಲ್ಲಿ ಬಾಗಿ ಬಳಚು ಹೆಕ್ಕುವವರು ಕಾಣುತ್ತಾರೆ. ಕಾಲಿನಲ್ಲೇ ತಡಕಿ, ಕೈಯಲ್ಲಿ ತೆಗೆದು, ಬುಟ್ಟಿಗೆ ಹಾಕುತ್ತಾರೆ. ಎರಡು ಸಾವಿರಕ್ಕೂ ಹೆಚ್ಚು ಜನ ಇದರಲ್ಲಿ ದುಡಿಯುತ್ತಾರೆ ಅಂತ ಐಐಎಸ್‌ಸಿ ವಿಜ್ಞಾನಿಗಳು ಹಿಂದೊಮ್ಮೆ ಲೆಕ್ಕ ಹಾಕಿದ್ದರು. ಡೀಸೆಲ್ ಸುಡದೆ, ಬಲೆಯಿಲ್ಲದೆ ಸಿಗುವ ಊಟ. ಇಲ್ಲಿಯ ಭಯ ಮೀನುಗಾರರದ್ದಲ್ಲ. ಮರಳು ತೆಗೆಯುವುದು, ಚಿಪ್ಪಿನ ಗಣಿಗಾರಿಕೆ, ಬಂದರಿನ ಯೋಜನೆ, ಇವುಗಳದ್ದು.

ಮುದ್ರೆ, ಆಮೆ ಮತ್ತು ಶೇಕಡಾ 91

ಹಾಗಾದರೆ ನೀಲಿ ಮುದ್ರೆ ಇರುವ ಮೀನನ್ನೇ ಕೊಂಡರಾಯಿತಾ? ನಮ್ಮ ಮಾರುಕಟ್ಟೆಯಲ್ಲಿ ಅದು ಸಿಗುವುದೇ ಅಪರೂಪ. ಮುದ್ರೆಗೆ ಖರ್ಚಿದೆ. ಆ ಖರ್ಚು ಹೊರಲು ಹೊರದೇಶದ ಗಿರಾಕಿ ಬೇಕು. ಮುದ್ರೆಯಿಲ್ಲದೆಯೂ ಚೆನ್ನಾಗಿ ಹಿಡಿಯುವವರಿದ್ದಾರೆ. ಲಕ್ಷದ್ವೀಪದ ಮಿನಿಕಾಯ್‌ನವರು ಗಾಳದ ಕೋಲಿನಿಂದ ಒಂದೊಂದೇ ಟ್ಯೂನಾ ಎತ್ತುತ್ತಾರೆ. ಬೇರೆ ಮೀನು ಸುಮ್ನೆ ಸಾಯುವ ಮಾತೇ ಇಲ್ಲ.

ಹೊರದೇಶದ ಒತ್ತಡ ಕೆಲಸ ಮಾಡುವುದೂ ಉಂಟು. ಟ್ರಾಲ್ ಬಲೆಗೆ ಕಡಲಾಮೆ ಸಿಕ್ಕಿ ಸಾಯುತ್ತದೆ ಅನ್ನುವ ಕಾರಣಕ್ಕೆ ಅಮೆರಿಕ ನಮ್ಮ ಕಡಲ ಸಿಗಡಿಗೆ 2019ರಲ್ಲಿ ಬಾಗಿಲು ಹಾಕಿತು. ಬಲೆಯೊಳಗೆ ಕಂಬಿಯ ಚೌಕಟ್ಟು ಇಟ್ಟು ಆಮೆಗೆ ಹೊರಹೋಗಲು ಕಿಂಡಿ ಬಿಡುವ ಸಾಧನ ಇದೆ. ಕೊಚ್ಚಿಯ ವಿಜ್ಞಾನಿಗಳು ಅದನ್ನು ನಮ್ಮ ಬೋಟುಗಳಿಗೆ ಹೊಂದಿಸಿಯೂ ಕೊಟ್ಟಿದ್ದಾರೆ. ಕಿಂಡಿಯಲ್ಲಿ ಸಿಗಡಿಯೂ ಹೋಗುತ್ತದೆ ಎಂಬ ಭಯಕ್ಕೆ ವರ್ಷಗಟ್ಟಲೆ ಯಾರೂ ಹಾಕಲಿಲ್ಲ. ಸ್ವಲ್ಪ ಉಳಿಸಲು ಹೋಗಿ ಮಾರುಕಟ್ಟೆಯನ್ನೇ ಕಳೆದುಕೊಂಡರು.

2022ರಲ್ಲಿ ಸಿಎಂಎಫ್‌ಆರ್‌ಐ 135 ಮೀನು ಸಂಗ್ರಹಗಳನ್ನು (ಒಂದು ಪ್ರದೇಶದ ಕಡಲಲ್ಲಿರುವ ಒಂದು ಜಾತಿಯ ಒಟ್ಟು ಮೀನು ಅಂದರೆ ಒಂದು ಸಂಗ್ರಹ) ಪರೀಕ್ಷಿಸಿ ಶೇಕಡಾ 91.1 ಆರೋಗ್ಯವಾಗಿವೆ ಅಂತ ಹೇಳಿತು. ಜಗತ್ತಿನ ಮಟ್ಟದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಸಂಗ್ರಹಗಳು ಮಿತಿಮೀರಿದ ಹಿಡಿತಕ್ಕೆ ಸಿಕ್ಕಿವೆ. ಹಾಗೆ ನೋಡಿದರೆ ನಮ್ಮದು ಒಳ್ಳೆಯ ಸುದ್ದಿ. ದಕ್ಕೆಯಲ್ಲಿ ಕೇಳಿದರೆ ಮೀನೇ ಇಲ್ಲ ಅನ್ನುತ್ತಾರೆ. ಎರಡೂ ಒಟ್ಟಿಗೆ ನಿಜವಾಗಿರಬಹುದು. ನಮ್ಮ ಮೀನುಗಳಲ್ಲಿ ಬೇಗ ಬೆಳೆದು ಬೇಗ ಮರಿ ಮಾಡುವವೇ ಜಾಸ್ತಿ, ಏಟು ತಿಂದರೂ ಚೇತರಿಸಿಕೊಳ್ಳುತ್ತವೆ. ಆದರೆ ಅಷ್ಟೇ ಮೀನನ್ನು ಈಗ ಹೆಚ್ಚು ಬೋಟು, ಹೆಚ್ಚು ಡೀಸೆಲ್, ಹೆಚ್ಚು ದಿನ ಹಾಕಿ ಹಿಡಿಯಬೇಕು. ಒಬ್ಬೊಬ್ಬನ ಪಾಲಿಗೆ ಬರುವುದು ಕಡಿಮೆ. ಕಡಲು ಬಡವಾಗದೆಯೂ ಮೀನುಗಾರ ಬಡವಾಗಬಹುದು.

ಕೊಳ್ಳುವವರು ಏನು ಮಾಡಬಹುದು?

ಬೂತಾಯಿ ನಿಮ್ಮ ಅಂಗೈಯ ಬುಡದಿಂದ ನಡುಬೆರಳಿನ ತುದಿಯವರೆಗೆ ಬರುತ್ತದಾ ನೋಡಿ. ಬಂದರೆ ಧೈರ್ಯವಾಗಿ ಕೊಳ್ಳಿ. ಬೆರಳುದ್ದದ್ದು ಎಷ್ಟೇ ಅಗ್ಗ ಇದ್ದರೂ ಬೇಡ. ಅಂಜಲ್, ಮಾಂಜಿ ಎಂಬ ದುಬಾರಿ ಮೀನು ಮಾತ್ರ ಮೀನು ಅನ್ನುವ ಹಠ ಬಿಟ್ಟರೆ ಜೇಬಿಗೂ ಒಳ್ಳೆಯದು. ಎಲ್ಲರೂ ಅವೆರಡನ್ನೇ ಕೇಳಿದರೆ ಉಳಿದ ಒಳ್ಳೆಯ ಮೀನಿಗೆ ಬೆಲೆಯಿಲ್ಲದೆ ಫ್ಯಾಕ್ಟರಿ ದಾರಿ ಹಿಡಿಯುತ್ತದೆ. ಜೂನ್, ಜುಲೈನಲ್ಲಿ ನಾಡದೋಣಿಯ ಮೀನು ಸಿಕ್ಕರೆ ಅದೃಷ್ಟ. ಇಲ್ಲದಿದ್ದರೆ ಒಣಮೀನು ಚಟ್ನಿ ಇದ್ದೇ ಇದೆ, ಕುಚ್ಚಲಕ್ಕಿ ಗಂಜಿಗೆ ಅದಕ್ಕಿಂತ ಒಳ್ಳೆಯ ಜೊತೆ ಯಾವುದಿದೆ? ಬೆಂಗಳೂರಿನಲ್ಲಿ ಆಪ್‌ನಲ್ಲಿ ತರಿಸುವವರಿಗೆ ಗಾತ್ರ ನೋಡುವ ಅವಕಾಶ ಇಲ್ಲ. ಆದರೆ ಪೀಸ್ ಮಾಡದ ಇಡೀ ಮೀನು ಕೇಳಬಹುದು.

ಇಷ್ಟರಿಂದಲೇ ಎಲ್ಲ ಸರಿಹೋಗುತ್ತದೆ ಅಂತ ನಾನು ನಂಬಿಲ್ಲ. ಗ್ರಾಹಕರು ಬಿಟ್ಟ ಮರಿಮೀನನ್ನು ಫ್ಯಾಕ್ಟರಿ ಕೊಳ್ಳುತ್ತದೆ, ಅಷ್ಟೇ ವ್ಯತ್ಯಾಸ. ಸಾವಿರಾರು ಬೋಟುಗಳ ಹಿಂದೆ ಅಧಿಕಾರಿಗಳು ಕಡಲಲ್ಲಿ ಓಡಲಾರರು. 1943ರಲ್ಲಿ ಆಗಲಿಲ್ಲ, ಈಗಲೂ ಆಗುವುದಿಲ್ಲ. ಕೇರಳದಲ್ಲಿ ಇಳಿಸಲಾಗದ ಮರಿಮೀನು ರಾತ್ರೋರಾತ್ರಿ ಗಡಿ ದಾಟುತ್ತದೆ ಎಂಬ ದೂರೂ ಹಳೆಯದೇ. ಬೋಟುಗಳ ಲೆಕ್ಕದ ಮುಂದೆ ಫ್ಯಾಕ್ಟರಿಗಳು ಬೆರಳೆಣಿಕೆ. ಅವುಗಳ ಗೇಟಿಗೆ ಬರುವ ಪ್ರತಿ ಟ್ರಕ್ಕಿನಿಂದ ಒಂದು ಕಿಲೋ ಮೀನು ತೆಗೆದು ಎಣಿಸಿದರೆ ಸಾಕು. 10 ಗ್ರಾಮಿನ ಬೂತಾಯಿಯಾದರೆ ಕಿಲೋಗೆ ನೂರು ಬರುತ್ತದೆ. ನೂರು ದಾಟಿದ ಟ್ರಕ್ಕಿಗೆ ದಂಡ, ಕೊಂಡ ಫ್ಯಾಕ್ಟರಿಗೆ ಅದರ ಎರಡರಷ್ಟು. ಮಂಗಳೂರಿನಿಂದ ಕಾರವಾರದವರೆಗೆ, ಗಡಿಯಾಚೆ ಕೇರಳ, ಗೋವಾದಲ್ಲೂ ಒಂದೇ ನಿಯಮ, ಒಂದೇ ದಿನದಿಂದ. ಬೇಕಾಗುವ ಸಲಕರಣೆ ಒಂದು ತಕ್ಕಡಿ.